ಆರು ವರ್ಷದ 4ಕೆ ಟಿವಿ ಮತ್ತು ಮೂರು ಬಣ್ಣದ ವೈರು

ಈ ಟಿವಿ ನಮ್ಮ ಮನೆಗೆ ಬಂದದ್ದು 2019ರ ದೀಪಾವಳಿಗೆ. 55 ಇಂಚು, 4ಕೆ, ಮೂಲೆಯಲ್ಲಿ ಎಚ್‌ಡಿಆರ್ (ಬೆಳಕು ಕತ್ತಲೆಗಳ ಅಂತರವನ್ನು ಹೆಚ್ಚಿಸಿ ತೋರಿಸುವ ತಂತ್ರ) ಎಂಬ ಚಿನ್ನದ ಬಣ್ಣದ ಸ್ಟಿಕ್ಕರು. ಶಿವಮೊಗ್ಗದ ಅಂಗಡಿಯಲ್ಲಿ ಒಂದು ಗಂಟೆ ಚೌಕಾಸಿ ಮಾಡಿ 58,000 ರೂಪಾಯಿಗೆ ಇಳಿಸಿದ್ದೆ; ಗೋಡೆಯ ಸ್ಟ್ಯಾಂಡ್ ಪುಕ್ಕಟೆ. ಆ ಮಾದರಿ ಈಗ ಎಲ್ಲೂ ಸಿಗುವುದಿಲ್ಲ, ಹಾಗಾಗಿ ಕಂಪನಿಯ ಹೆಸರು ಹೇಳಿ ಪ್ರಯೋಜನವಿಲ್ಲ. ಆದರೆ ಆರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಓಡಿದ ಟಿವಿ ಇದು. 4ಕೆ ಎಂಬ ಮಾತಿಗೆ ನಮ್ಮಂಥ ಮನೆಯಲ್ಲಿ ಎಷ್ಟು ಬೆಲೆ ಎನ್ನುವುದು ಈಗ ಚೆನ್ನಾಗಿ ಗೊತ್ತಾಗಿದೆ.

ನಾನು ಸಾಗರದ ಹತ್ತಿರ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ಉಪನಯನ, ಗೃಹಪ್ರವೇಶ. ಧಾರೆ ಸೀರೆಯ ಅರಿಸಿನ ಬಣ್ಣ ಆಲ್ಬಂನಲ್ಲಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದರೆ ನನಗೆ ಆ ರಾತ್ರಿ ನಿದ್ದೆ ಇಲ್ಲ. ಚಿತ್ರದ ವಿಷಯದಲ್ಲಿ ನನ್ನದು ಹಟಮಾರಿ ಕಣ್ಣು. ಮನೆಯಲ್ಲಿ ಉಳಿದ ಮೂವರು, ಅಮ್ಮ, ಹೆಂಡತಿ, ಮಗಳು, ಟಿವಿ ನೋಡುವವರು; ನಾನು ಟಿವಿಯ ಚಿತ್ರ ನೋಡುವವನು. ಜಗಳ ಶುರುವಾದದ್ದೇ ಅಲ್ಲಿಂದ.

ಅಂಗಡಿಯಲ್ಲಿ ಓಡುತ್ತಿದ್ದದ್ದು ಕಂಪನಿಯವರೇ ಕೊಟ್ಟ ಪೆನ್ ಡ್ರೈವ್. ನವಿಲಿನ ಗರಿ, ದಾಳಿಂಬೆ ಕಾಳು, ನಿಧಾನಕ್ಕೆ ಸಿಡಿಯುವ ನೀರಿನ ಹನಿ. ಮನೆಗೆ ತಂದು ಗೋಡೆಗೆ ಏರಿಸಿ, ಸಂಜೆ ಏಳು ಗಂಟೆಗೆ ಅಮ್ಮನ ಧಾರಾವಾಹಿ ಹಾಕಿದೆವು. ಅತ್ತೆ ಪಾತ್ರದ ಮುಖ ಕರಗಿದ ಮೇಣದ ಹಾಗಿತ್ತು. ಬಳೆಗಳ ಅಂಚಿನಲ್ಲಿ ಚೌಕ ಚೌಕದ ಚೂರುಗಳು ಕುಣಿಯುತ್ತಿದ್ದವು. ಅಮ್ಮ ಎರಡು ನಿಮಿಷ ಸುಮ್ಮನೆ ನೋಡಿ, "ಹಳೆಯ ಟಿವಿಯಲ್ಲೇ ಚೆನ್ನಾಗಿ ಕಾಣುತ್ತಿತ್ತಲ್ಲ ಮಾರಾಯ" ಎಂದಳು.

ಅಮ್ಮ ಹೇಳಿದ್ದು ಸರಿಯೇ ಇತ್ತು. ಸಾಮಾನ್ಯ ಚಾನೆಲ್‌ನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. 4ಕೆ ಪರದೆಯಲ್ಲಿ 3840 ಮತ್ತು 2160. ಗುಣಿಸಿ ಭಾಗಿಸಿದರೆ ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಚಾನೆಲ್‌ನವರು ಒಂದು ಚುಕ್ಕಿ ಕಳಿಸಿದರೆ ಉಳಿದ ಹತ್ತೊಂಬತ್ತನ್ನು ಟಿವಿ ತಾನೇ ಊಹೆಯಿಂದ ತುಂಬಬೇಕು. ಒಂದು ಸೇರು ಅಕ್ಕಿಯಲ್ಲಿ ಇಪ್ಪತ್ತು ಸೇರಿನ ಅನ್ನ ಮಾಡಲು ಹೊರಟರೆ ಆಗುವುದು ಗಂಜಿಯೇ. ನಮ್ಮ ಹಳೆಯ 21 ಇಂಚಿನ ಡಬ್ಬಾ ಟಿವಿ ಚಿಕ್ಕದಾಗಿದ್ದರಿಂದ ಈ ಕೊರತೆಯನ್ನೆಲ್ಲ ಮುಚ್ಚಿಕೊಳ್ಳುತ್ತಿತ್ತು. ಹೊಸದು ಎಲ್ಲವನ್ನೂ ಹಿಗ್ಗಿಸಿ ತೋರಿಸಿತು.

ಅದಕ್ಕೆ ಮದ್ದು ಹೆಚ್ಚು ಚುಕ್ಕಿಗಳನ್ನು ಕಳಿಸುವ ಎಚ್‌ಡಿ ಚಾನೆಲ್. ಆ ವರ್ಷ ಫೆಬ್ರುವರಿಯಲ್ಲಷ್ಟೇ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರಪದ್ಧತಿ ಬಂದಿತ್ತು. ನೂರು ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಚಾನೆಲ್‌ಗಳ ಬೆಲೆ. ಒಂದು ಎಚ್‌ಡಿ ಚಾನೆಲ್ ತೆಗೆದುಕೊಂಡರೆ ಲೆಕ್ಕದಲ್ಲಿ ಎರಡು ಸಾಮಾನ್ಯ ಚಾನೆಲ್ ಕಳೆದುಕೊಂಡ ಹಾಗೆ. ಬಾಕ್ಸನ್ನೂ ಬದಲಿಸಬೇಕು. ಹೆಂಡತಿ ಕೇಳಿದ ಪ್ರಶ್ನೆ ನೇರವಾಗಿತ್ತು: "ಅದೇ ಧಾರಾವಾಹಿ, ಅದೇ ಹೊತ್ತಿಗೆ. ಕಥೆ ಏನಾದರೂ ಬೇರೆ ಇರುತ್ತದೆಯೇ?" ಹಟ ಹಿಡಿದು ಮೂರು ಕನ್ನಡ ಎಚ್‌ಡಿ ಚಾನೆಲ್ ಹಾಕಿಸಿದೆ. ಈ ಆರು ವರ್ಷದಲ್ಲಿ ಚಿತ್ರಕ್ಕಾಗಿ ಖರ್ಚು ಮಾಡಿದ ದುಡ್ಡಿನಲ್ಲಿ ಪೂರಾ ವಸೂಲಾದದ್ದು ಇದೊಂದೇ. ಅತ್ತೆಯ ಮುಖ ಮುಖವಾಯಿತು. ಅಮ್ಮ ಏನೂ ಹೇಳಲಿಲ್ಲ. ದೂರು ನಿಂತದ್ದನ್ನೇ ಮೆಚ್ಚುಗೆ ಎಂದುಕೊಂಡೆ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಯಲ್ಲೂ ದೊಡ್ಡ 4ಕೆ ಟಿವಿ, ಎಚ್‌ಡಿ ಬಾಕ್ಸ್, ತಿಂಗಳು ತಿಂಗಳು ಎಚ್‌ಡಿ ಪ್ಯಾಕಿನ ದುಡ್ಡು. ಮಗನ ಮದುವೆಯ ವಿಡಿಯೊ ಕೊಡಲು ಹೋದವನು ಪೆನ್ ಡ್ರೈವ್ ಸಿಕ್ಕಿಸಲೆಂದು ಟಿವಿಯ ಹಿಂದೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಕೆಂಪು, ಬಿಳಿ, ಹಳದಿ ವೈರು. ಡಿವಿಡಿ ಪ್ಲೇಯರ್ ಕಾಲದ್ದು. ಬಾಕ್ಸ್ ಕೂರಿಸಲು ಬಂದವನು ಕೈಗೆ ಸಿಕ್ಕಿದ ವೈರು ಚುಚ್ಚಿ ಹೋಗಿದ್ದ. ಹಳದಿ ವೈರಿನಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲ. ಬಾಕ್ಸ್ ಎಷ್ಟೇ ದೊಡ್ಡದಿರಲಿ, ಆ ವೈರಿನಲ್ಲಿ ಇಳಿಯುವುದು ಹಳೆಯ ಕಾಲದ ಚಿತ್ರವೇ. ಮೂರು ವರ್ಷದಿಂದ ಮೇಷ್ಟ್ರು ಎಚ್‌ಡಿಗೆ ದುಡ್ಡು ಕಟ್ಟಿ ಸಾಮಾನ್ಯ ಚಿತ್ರ ನೋಡುತ್ತಿದ್ದರು.

ಪೇಟೆಗೆ ಹೋಗಿ ಎಚ್‌ಡಿ ಚಿತ್ರವನ್ನು ಒಯ್ಯಬಲ್ಲ 150 ರೂಪಾಯಿಯ ಎಚ್‌ಡಿಎಂಐ ಕೇಬಲ್ ತಂದು ಹಾಕಿದೆ. ನನ್ನ ಕಣ್ಣಿಗೆ ಅದು ಮಂಜು ಸರಿದು ಗುಡ್ಡ ಕಂಡ ಹಾಗಿತ್ತು. ಪಕ್ಕಕ್ಕೆ ಸರಿದು ನಿಂತು, "ಹೇಗಿದೆ ಸಾರ್?" ಎಂದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಚೆನ್ನಾಗಿದೆ, ಚೆನ್ನಾಗಿದೆ. ಆದರೆ ಧ್ವನಿ ಸ್ವಲ್ಪ ಕಡಿಮೆಯಾಯಿತಲ್ಲ?"

ಆ ದಿನದಿಂದ ಯಾರ ಮನೆಗೆ ಹೋದರೂ ಟಿವಿಯ ಬೆನ್ನು ನೋಡುವ ಚಟ ಅಂಟಿಕೊಂಡಿದೆ. ಮೂರು ಬಣ್ಣದ ವೈರು ಸಿಕ್ಕಿದ ಮನೆಗಳನ್ನು ಎಣಿಸುವುದನ್ನು ಬಿಟ್ಟಿದ್ದೇನೆ. ಒಬ್ಬರಾದರೂ "ಚಿತ್ರ ಸರಿ ಇಲ್ಲ, ನೋಡಿ" ಎಂದು ತಾವಾಗಿ ಹೇಳಿದ್ದಿಲ್ಲ. ಜನ ಒಳ್ಳೆಯ ಚಿತ್ರವನ್ನು ಒಪ್ಪಿಕೊಳ್ಳುತ್ತಾರೆಯೇ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಹಳದಿ ವೈರು. 4ಕೆ ಟಿವಿಯನ್ನು ಜನ ಕೊಂಡಿದ್ದಾರೆ. 4ಕೆ ಚಿತ್ರ ಬೇಕೆಂದು ಯಾರೂ ಕೇಳಿಲ್ಲ. ಇಂದು 55 ಇಂಚಿನ ಟಿವಿ ಕೇಳಿದರೆ ಅಂಗಡಿಯವನು ಕೊಡುವುದೇ 4ಕೆ, ಅಷ್ಟೇ.

ಇದರಲ್ಲಿ ಕಣ್ಣಿನ ತಪ್ಪೂ ಇಲ್ಲ. ಸಾಮಾನ್ಯ ದೃಷ್ಟಿಯವರು 55 ಇಂಚಿನ ಪರದೆಯಿಂದ ಏಳು ಅಡಿ ಆಚೆ ಕೂತರೆ ಫುಲ್ ಎಚ್‌ಡಿಯ (ಅಡ್ಡಕ್ಕೆ 1920, ಉದ್ದಕ್ಕೆ 1080) ಒಂದೊಂದು ಚುಕ್ಕಿಯೂ ಪಕ್ಕದ್ದರಲ್ಲಿ ಬೆರೆತುಹೋಗುತ್ತದೆ. 4ಕೆಯ ಹೆಚ್ಚುವರಿ ಚುಕ್ಕಿಗಳು ಪೂರಾ ಕಾಣಬೇಕಾದರೆ ಮೂರೂವರೆ ಅಡಿಗೆ ಬರಬೇಕು. ನಮ್ಮ ಜಗಲಿಯಲ್ಲಿ ಬೆಂಚು ಇರುವುದು ಒಂಬತ್ತು ಅಡಿ ದೂರದಲ್ಲಿ. ಮೂರೂವರೆ ಅಡಿಯಲ್ಲಿ ಕೂರುವುದು ನೆಲ ಒರೆಸುವಾಗ ಮಾತ್ರ. ಅದೂ ಅಲ್ಲದೆ ಅಮ್ಮನಿಗೆ ಎರಡು ಕಣ್ಣಲ್ಲೂ ಪೊರೆ ಇತ್ತು. 2022ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ವಾರ, "ಟಿವಿ ರಿಪೇರಿ ಮಾಡಿಸಿದೆಯಾ?" ಎಂದು ಕೇಳಿದಳು. ಎರಡು ವರ್ಷ ಚಿತ್ರದ ಸೆಟ್ಟಿಂಗ್ ತಿದ್ದಿದ ನನ್ನ ಶ್ರಮ ಅಲ್ಲಿಗೆ ಮುಗಿಯಿತು.

ನಿಜವಾದ 4ಕೆ ನೋಡಿದ್ದು ಎಷ್ಟು ಹೊತ್ತು ಎಂದರೆ, ಮೊದಲ ಒಂದೂವರೆ ವರ್ಷ ಒಂದು ನಿಮಿಷವೂ ಇಲ್ಲ. ಆಗ ನಮ್ಮ ಇಂಟರ್‌ನೆಟ್ ವೇಗ ಮಳೆಯಿಲ್ಲದ ದಿನ 8 ಎಂಬಿಪಿಎಸ್. ನೆಟ್‌ಫ್ಲಿಕ್ಸ್ 4ಕೆಗೆ ಈಗ ಕೇಳುವುದು 15, ಆಗ ಇನ್ನೂ ಹೆಚ್ಚು ಕೇಳುತ್ತಿತ್ತು. 2021ರಲ್ಲಿ ಫೈಬರ್ ಬಂದ ಮೇಲೆ ವೇಗದ ಕೊರತೆ ನೀಗಿತು. ಆದರೆ 4ಕೆ ಬೇಕೆಂದರೆ ನೆಟ್‌ಫ್ಲಿಕ್ಸ್‌ನ ಎಲ್ಲಕ್ಕಿಂತ ದುಬಾರಿ ಯೋಜನೆಯೇ ಆಗಬೇಕು, ತಿಂಗಳಿಗೆ 649 ರೂಪಾಯಿ. ಮೂರು ತಿಂಗಳು ಕಟ್ಟಿ ಬಿಟ್ಟೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಅದೇ ಸರಣಿಗಳನ್ನು 149 ರೂಪಾಯಿಯ ಮೊಬೈಲ್ ಯೋಜನೆಯಲ್ಲಿ 480ಪಿ, ಅಂದರೆ ಬರಿಯ 480 ಸಾಲಿನ ಚಿತ್ರದಲ್ಲಿ ನೋಡುತ್ತಾಳೆ, ಅದೂ ಹಾಸ್ಟೆಲಿನ ಮೇಲಿನ ಮಂಚದಲ್ಲಿ ಅಂಗಾತ ಮಲಗಿ. ಚಿತ್ರದ ಗುಣಮಟ್ಟದ ಭವಿಷ್ಯ ಹೊಸ ತಲೆಮಾರಿನ ಕೈಯಲ್ಲಿದೆ ಎನ್ನುವವರು ಒಮ್ಮೆ ಆ ಹಾಸ್ಟೆಲಿಗೆ ಹೋಗಿ ಬರಬೇಕು.

2023ರ ಐಪಿಎಲ್ ಅನ್ನು ಜಿಯೊಸಿನಿಮಾ ಆ್ಯಪ್ 4ಕೆಯಲ್ಲಿ, ಅದೂ ಪುಕ್ಕಟೆ ತೋರಿಸಿತು. ಹುಲ್ಲಿನ ಗರಿಕೆ, ಚೆಂಡಿನ ಹೊಲಿಗೆ ಎಲ್ಲ ಕಾಣುತ್ತಿತ್ತು. ಇಡೀ ಆರು ವರ್ಷದಲ್ಲಿ ಮನೆಮಂದಿ ತಾವಾಗಿಯೇ "ಆಹಾ" ಎಂದದ್ದು ಆ ಕೆಲವು ಸಂಜೆ. ಆದರೆ 2025ರ ಜೂನ್ 3ರ ರಾತ್ರಿ, ಅಹಮದಾಬಾದಿನ ಫೈನಲ್‌ನಲ್ಲಿ, ಹದಿನೆಂಟು ವರ್ಷ ಕಾದ ಆರ್‌ಸಿಬಿ ಕಪ್ಪಿಗೆ ಕೈಚಾಚಿ ನಿಂತಿದ್ದಾಗ ನಾವು ಆ್ಯಪ್‌ನಲ್ಲಿ ನೋಡುತ್ತಿದ್ದೆವು. ಆ್ಯಪ್ ಎಂದರೆ ನೇರಪ್ರಸಾರಕ್ಕಿಂತ ಅರ್ಧ ನಿಮಿಷ ಹಿಂದೆ. ನಮ್ಮ ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ, ಪಕ್ಕದ ಮನೆಯಲ್ಲಿ ವಿಕೆಟ್ ಬಿದ್ದ ಕೇಕೆ. ಹತ್ತೊಂಬತ್ತನೆಯ ಓವರಿಗೆ ಹೆಂಡತಿ ರಿಮೋಟ್ ಕಸಿದುಕೊಂಡು ಡಿಶ್‌ಗೆ ಬದಲಿಸಿದಳು. ಹುಲ್ಲಿನ ಗರಿಕೆ ಮಾಯವಾಯಿತು, ಬೀದಿಯ ಜೊತೆ ನಾವೂ ಕೂಗಿದೆವು. ಆರು ರನ್ನಿನಿಂದ ಗೆದ್ದ ಆ ಪಂದ್ಯವನ್ನು 4ಕೆಯಲ್ಲಿ ನೋಡಬೇಕಿತ್ತು ಎಂದು ನನಗೂ ಅನ್ನಿಸಿಲ್ಲ.

1996ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಕೂಡ ಇದೇ ಜಗಲಿಯಲ್ಲಿ ನೋಡಿದ್ದೆ. ಅಡಿಕೆ ಮರದ ಕಂಬಕ್ಕೆ ಕಟ್ಟಿದ ಆಂಟೆನಾ. ಒಬ್ಬ ಹೊರಗೆ ನಿಂತು ತಿರುಗಿಸಬೇಕು, ಒಬ್ಬ ಒಳಗಿನಿಂದ "ಬಂತು, ಬಂತು, ಹೋಯಿತು" ಎನ್ನಬೇಕು. ವೆಂಕಟೇಶ್ ಪ್ರಸಾದ್ ಎಸೆದ ಚೆಂಡು ನಮಗೆ ಕಾಣಲೇ ಇಲ್ಲ, ಪರದೆ ತುಂಬ ಚುಕ್ಕಿ. ಆಮಿರ್ ಸೊಹೈಲ್‌ನ ಸ್ಟಂಪ್ ಹಾರಿದ್ದು ಮಾತ್ರ ಕಂಡಿತು. ಸಾಕಾಗಿತ್ತು.

ಸೆಟ್ಟಿಂಗ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಾಸಿಲ್ಲದೆ ಚಿತ್ರ ಸುಧಾರಿಸುವ ದಾರಿ ಅದೊಂದೇ. ಅಂಗಡಿಯಿಂದ ಬರುವಾಗ ಟಿವಿ ‘ವಿವಿಡ್’ ಎಂಬ ಅವತಾರದಲ್ಲಿರುತ್ತದೆ: ಹುಲ್ಲು ಗಿಳಿಹಸಿರು, ಮನುಷ್ಯರ ಚರ್ಮ ಕುಂಬಳಕಾಯಿ. ಅದನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಎಂಬುದಕ್ಕೆ ಬದಲಿಸಿ. ಇನ್ನೊಂದು, ಚಲನೆಯನ್ನು ನುಣುಪು ಮಾಡುವ ಸೌಲಭ್ಯ. ಪ್ರತಿ ಕಂಪನಿಯೂ ಅದಕ್ಕೆ ಒಂದೊಂದು ಹೆಸರಿಟ್ಟಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಇದ್ದರೆ ನಡುವೆ ಇಲ್ಲದ ಚೌಕಟ್ಟುಗಳನ್ನು ಟಿವಿ ತಾನೇ ಸೃಷ್ಟಿಸಿ ಸೇರಿಸುತ್ತದೆ. ಆಗ ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ. ಇದನ್ನು ಆರಿಸಿ ಎಂದು 2018ರಲ್ಲಿ ನಟ ಟಾಮ್ ಕ್ರೂಸ್ ವಿಡಿಯೊ ಮಾಡಿ ಬೇಡಿಕೊಂಡಿದ್ದ. ನಾನೂ ಆರಿಸಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಹಾಕಿತ್ತು. "ರೀ, ಚಿತ್ರ ತಡವರಿಸುತ್ತದೆ, ಕಣ್ಣು ನೋಯುತ್ತದೆ" ಎಂದಳು ಹೆಂಡತಿ. ಈಗ ಅವಳು ನೋಡುವಾಗ ಹಾಕಿರುತ್ತದೆ, ನಾನು ನೋಡುವಾಗ ಆರಿರುತ್ತದೆ. ಹಳೆಯ ಕಪ್ಪುಬಿಳುಪು ಸಿನಿಮಾ ಬಂದರೆ ಅಮ್ಮ ಪರದೆ ತುಂಬುವಷ್ಟು ಎಳೆಸುತ್ತಾಳೆ. ಎರಡು ಬದಿಯ ಕಪ್ಪು ಪಟ್ಟಿ ದಂಡ ಎಂಬುದು ಅವಳ ವಾದ, ದುಡ್ಡು ಕೊಟ್ಟದ್ದು ಪೂರ್ತಿ ಟಿವಿಗಲ್ಲವೇ? ನಾಯಕ ನಾಯಕಿ ಇಬ್ಬರೂ ಗುಂಡಗೆ ಕಾಣುತ್ತಾರೆ. ಅದಕ್ಕೂ ಒಗ್ಗಿಕೊಂಡಿದ್ದೇನೆ.

ಎಚ್‌ಡಿಆರ್ ಬಗ್ಗೆ ನನಗೆ ನಿಜವಾದ ಆಸೆ ಇತ್ತು. ಚುಕ್ಕಿಗಳ ಸಂಖ್ಯೆಗಿಂತ ಬೆಳಕು ಕತ್ತಲೆಗಳ ಅಂತರ ದೊಡ್ಡದು ಎಂದು ಕ್ಯಾಮೆರಾ ಹಿಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ದೀಪದ ಕುಡಿ ಉರಿಯಬೇಕು, ಅದರ ಹಿಂದಿನ ಕತ್ತಲೆಯಲ್ಲಿ ಮುಖದ ಗೆರೆಯೂ ಕಾಣಬೇಕು. ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಒಳ್ಳೆಯ ಒಎಲ್‌ಇಡಿ ಪರದೆಯಲ್ಲಿ ಅದು ಒಂಬತ್ತಲ್ಲ, ಹದಿನೈದು ಅಡಿಯಿಂದಲೂ ಗೊತ್ತಾಗುತ್ತದೆ. ಗೆಳೆಯನ ಮನೆಯಲ್ಲಿ ನೋಡಿ ಬಾಯಿ ಬಿಟ್ಟಿದ್ದೇನೆ. ನನ್ನ ಟಿವಿಯ ಸ್ಟಿಕ್ಕರಿನ ಅರ್ಥ ಅದಲ್ಲ. ಎಚ್‌ಡಿಆರ್ ಸಂಕೇತ ಬಂದರೆ ಒಳಗೆ ತೆಗೆದುಕೊಳ್ಳುತ್ತೇನೆ ಎಂದಷ್ಟೇ. ತೋರಿಸುವಷ್ಟು ಬೆಳಕು ಇದಕ್ಕಿಲ್ಲ, ಹಿಂದಿನ ದೀಪಗಳನ್ನು ಬೇಕಾದ ಕಡೆ ಮಾತ್ರ ಮಂಕು ಮಾಡುವ ವ್ಯವಸ್ಥೆಯೂ ಇಲ್ಲ. ನಮ್ಮದು ಹೆಂಚಿನ ಮನೆ, ಜಗಲಿಯ ಮೇಲೆ ಎರಡು ಗಾಜಿನ ಹೆಂಚು. ಬೆಳಿಗ್ಗೆ ಹನ್ನೊಂದಕ್ಕೆ ಬಿಸಿಲಿನ ಒಂದು ಚೌಕ ಸರಿಯಾಗಿ ಪರದೆಯ ಮೇಲೆ ಬಿದ್ದು ಅರ್ಧ ಗಂಟೆ ಅಲ್ಲೇ ತೆವಳುತ್ತದೆ. ಆ ಹೊತ್ತಿನಲ್ಲಿ ಎಚ್‌ಡಿಆರ್ ಸಿನಿಮಾದ ರಾತ್ರಿ ದೃಶ್ಯ ಹಾಕಿದರೆ ಕಾಣುವುದು ನಮ್ಮದೇ ಪ್ರತಿಬಿಂಬ.

ನನ್ನದೂ ಒಂದು ಪೆದ್ದುತನ ಒಪ್ಪಿಕೊಳ್ಳಬೇಕು. ಟಿವಿಯೊಳಗಿನ ಆ್ಯಪ್‌ಗಳು ನಾಲ್ಕನೆಯ ವರ್ಷಕ್ಕೆ ಒಂದೊಂದಾಗಿ ಕೈಕೊಟ್ಟಾಗ ಹೊರಗಿನಿಂದ 4ಕೆ ಸ್ಟಿಕ್ ಒಂದನ್ನು ತಂದು ಚುಚ್ಚಿದೆ. ನಾಲ್ಕು ತಿಂಗಳು ನೋಡಿದ ಮೇಲೆ ತಿಳಿಯಿತು, ಆ ಎಚ್‌ಡಿಎಂಐ ಕಿಂಡಿಗೆ ‘ಎನ್‌ಹಾನ್ಸ್‌ಡ್’ ಎಂಬುದನ್ನು ಸೆಟ್ಟಿಂಗ್‌ನಲ್ಲಿ ಹೋಗಿ ಆನ್ ಮಾಡದಿದ್ದರೆ ಎಚ್‌ಡಿಆರ್ ಬರುವುದೇ ಇಲ್ಲ ಎಂದು. ಮೇಷ್ಟ್ರ ಹಳದಿ ವೈರು ನೋಡಿ ನಕ್ಕವನು ನಾನು.

ಹಾಗೆಂದು ಜನರಿಗೆ ಹೊಸತು ಬೇಡ ಎಂದಲ್ಲ. ಸ್ಟುಡಿಯೊದಲ್ಲಿ ಕೂತು ಇದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಮದುವೆಯ ವಿಡಿಯೊ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಕೊಡುತ್ತಿದ್ದೆವು. ವಿಸಿಡಿ ಬಂದದ್ದೇ ತಡ, ಕ್ಯಾಸೆಟ್ ಕೇಳುವವರೇ ಇಲ್ಲವಾದರು. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದ. ಕ್ಯಾಸೆಟ್‌ಗಿಂತ ಹೆಚ್ಚೇನೂ ಚೆನ್ನಾಗಿರಲಿಲ್ಲ, ವೇಗವಾಗಿ ಕುಣಿದರೆ ಚೌಕಚೌಕವಾಗಿ ಒಡೆಯುತ್ತಿತ್ತು. ಆದರೆ ಸುತ್ತುವ ಗೋಜಿಲ್ಲ, ಬೂಸ್ಟು ಹಿಡಿಯುವುದಿಲ್ಲ, ತಾಳಿ ಕಟ್ಟುವಲ್ಲಿಗೆ ನೇರ ಹಾರಬಹುದು. ಆಮೇಲೆ ಡಿವಿಡಿ, ಆಮೇಲೆ ಪೆನ್ ಡ್ರೈವ್. ನಡುವೆ ಬ್ಲೂ-ರೇ ಎಂಬುದು ಬಂದು ಹೋಯಿತು; ನನ್ನ ಅಂಗಡಿಯಲ್ಲಿ ಅದನ್ನು ಕೇಳಿದವರು ಸೊನ್ನೆ. 2018ರಲ್ಲಿ ಸಾಲ ಮಾಡಿ 4ಕೆ ಕ್ಯಾಮೆರಾ ತಂದೆ. 4ಕೆಯಲ್ಲಿ ಕೊಟ್ಟ ಮೊದಲ ಮದುವೆಯ ಪೆನ್ ಡ್ರೈವ್ ಮೂರೇ ದಿನಕ್ಕೆ ವಾಪಸು ಬಂತು, "ನಮ್ಮ ಟಿವಿಯಲ್ಲಿ ನಿಂತು ನಿಂತು ಓಡುತ್ತದೆ, ಸಾದಾ ಮಾಡಿಕೊಡಿ." ಈಗ ತೆಗೆಯುವುದು 4ಕೆ, ಕೊಡುವುದು ಫುಲ್ ಎಚ್‌ಡಿ, ಜನ ನೋಡುವುದು ವಾಟ್ಸ್‌ಆ್ಯಪ್ ಹಿಂಡಿ ಹಿಪ್ಪೆ ಮಾಡಿದ ಮೂರು ನಿಮಿಷದ ತುಣುಕು.

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಕುರುಡನಲ್ಲದವನಿಗೆಲ್ಲ ವ್ಯತ್ಯಾಸ ಕಂಡಿತ್ತು. 3ಡಿ ಟಿವಿಗೆ ಕಂಪನಿಗಳೇ ಕನ್ನಡಕ ಕೊಟ್ಟು ಕೂರಿಸಿದರೂ ಜನ ಎದ್ದು ಹೋದರು. 2017ರ ಹೊತ್ತಿಗೆ ದೊಡ್ಡ ತಯಾರಕರೆಲ್ಲ ಅದನ್ನು ಕೈಬಿಟ್ಟರು. 4ಕೆಯ ನಾಲ್ಕು ಪಟ್ಟು ಚುಕ್ಕಿಗಳ 8ಕೆ ಈಗ ಅಂಗಡಿಯ ಗಾಜಿನ ಹಿಂದಿದೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2018ರಿಂದ ಅದರಲ್ಲಿ ಪ್ರಸಾರವನ್ನೇ ಮಾಡುತ್ತಿದೆ. ಇರಲಿ.

ಟಿವಿಯ ಬಾಳಿಕೆ ಬಗ್ಗೆ ಚುಟುಕಾಗಿ. 2021ರ ಮೇ ತಿಂಗಳ ಒಂದು ಸಂಜೆ ಗುಡುಗಿನ ಹೊತ್ತಿಗೆ ಡಿಶ್‌ನ ಕೇಬಲ್ ಬಿಚ್ಚಲು ಮರೆತೆವು. ಸೆಟ್‌ಟಾಪ್ ಬಾಕ್ಸ್ ಸತ್ತಿತು, ಟಿವಿಯ ಒಂದನೆಯ ಎಚ್‌ಡಿಎಂಐ ಕಿಂಡಿಯೂ ಜೊತೆಗೆ ಹೋಯಿತು. ಮಲೆನಾಡಿನವರು ಸ್ಟೆಬಿಲೈಸರ್ ನಂಬಿ ಕೂರಬೇಡಿ, ಎರಡು ವೈರನ್ನೂ ಕಿತ್ತಿಡಿ. ಐದನೆಯ ವರ್ಷ ಪರದೆಯ ಎಡ ಮೂಲೆಯಲ್ಲಿ ಅಂಗೈಯಗಲ ಕಪ್ಪು. ಸರ್ವಿಸ್‌ನವರು ಫೋಟೊ ತೆಗೆದುಕೊಂಡು ಹೋಗಿ, ಇಡೀ ಪರದೆ ಬದಲಿಸಬೇಕು, ಅದರ ಬದಲು ಹೊಸದೇ ಕೊಳ್ಳಿ ಎಂದರು. ಪೇಟೆಯ ರಿಪೇರಿ ಹುಡುಗ ಬೆನ್ನು ಬಿಚ್ಚಿ ಎಲ್‌ಇಡಿ ಪಟ್ಟಿಗಳನ್ನು ಬದಲಿಸಿ 4,500 ರೂಪಾಯಿಗೆ ಸರಿಮಾಡಿದ. ಧ್ವನಿ ಮೊದಲಿನಿಂದಲೂ ಡಬ್ಬದೊಳಗಿನ ಜೇನುನೊಣ. ಕೊನೆಗೆ ಸೌಂಡ್‌ಬಾರ್ ತಂದೆ, ಮತ್ತು ಮನೆಯವರೆಲ್ಲ ಮೊದಲ ದಿನವೇ ಒಕ್ಕೊರಲಿನಿಂದ ಮೆಚ್ಚಿದ ಖರೀದಿ ಅದೊಂದೇ ಎಂಬುದನ್ನು ಹೊಟ್ಟೆಕಿಚ್ಚಿನಿಂದ ದಾಖಲಿಸುತ್ತೇನೆ.

ಈಗ ಬಲ ಮೂಲೆ ಮಂಕಾಗುತ್ತಿದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದ ಮೇಲೆ ಅಂಗಡಿಯವನು ಎರಡು ಸಲ ಫೋನ್ ಮಾಡಿದ್ದಾನೆ. ಒಂಬತ್ತು ಅಡಿಯಿಂದ 4ಕೆಯ ಲಾಭ ಸ್ವಲ್ಪವಾದರೂ ಕಾಣಬೇಕಾದರೆ 75 ಇಂಚು ಬೇಕು. ವಿಚಿತ್ರವೆಂದರೆ ಈ ಲೆಕ್ಕ ಗೊತ್ತಿಲ್ಲದೆಯೇ ಮನೆಯವರೆಲ್ಲ "ದೊಡ್ಡದು ತರೋಣ" ಎನ್ನುತ್ತಿದ್ದಾರೆ. ದೊಡ್ಡದು ಎಂದರೆ ಯಾರಿಗೂ ವಿವರಣೆ ಬೇಡ. ಚಿತ್ರ ಚೆನ್ನಾಗಿರಲಿ ಎಂದು ನಾನು ಒಬ್ಬನೇ ಆರು ವರ್ಷ ಬಡಿದುಕೊಂಡೆ. ಕೊನೆಗೆ ಅದು ಒಳಗೆ ಬರುವುದಿದ್ದರೆ ದೊಡ್ಡದರ ಬೆನ್ನು ಹತ್ತಿಕೊಂಡೇ ಬರಬೇಕು.

ಮೊನ್ನೆ ಟೇಪು ಹಿಡಿದು ಅಳೆದೆ. ಎರಡು ಕಿಟಕಿಗಳ ನಡುವಿನ ಗೋಡೆ ಐದು ಅಡಿ ಎರಡು ಇಂಚು. 75 ಇಂಚಿನ ಟಿವಿಯ ಅಗಲ ಐದು ಅಡಿ ಐದೂವರೆ ಇಂಚು. ಒಂದು ಕಿಟಕಿಯನ್ನು ಸ್ವಲ್ಪ ಮುಚ್ಚಬೇಕಾಗುತ್ತದೆ. ಅಮ್ಮ ಒಪ್ಪುತ್ತಿಲ್ಲ. ಗೇಟಿನ ಹತ್ತಿರ ಯಾರು ಬಂದರು ಎಂದು ಕೂತಲ್ಲಿಂದಲೇ ಅವಳಿಗೆ ಕಾಣುವುದು ಆ ಕಿಟಕಿಯಿಂದ. ಪೊರೆ ತೆಗೆಸಿದ ಮೇಲಂತೂ ಬಹಳ ಚೆನ್ನಾಗಿ ಕಾಣುತ್ತದೆಯಂತೆ.